ದಮ್ಮು ಕಟ್ಟುವ ಮೇಸ್ತ್ರಿ

ಟೈಲರ್ ಅಂಗಡಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿ ಅರ್ಧ ಗಂಟೆ ಬಿಟ್ಟರೆ ಸಾಕು, ಅದು ತೆಳು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಬಣ್ಣ ಹಾಕಿದವರು ಯಾರೂ ಇಲ್ಲ. ಪಕ್ಕದ ಅಂಗಡಿಯಲ್ಲಿ ಮರಗೆಲಸದ ಮೇಸ್ತ್ರಿ ಬೆಲ್ಟ್ ಮೆಷಿನ್ ಶುರು ಮಾಡಿದ್ದಾನೆ ಎಂದಷ್ಟೇ ಅದರ ಅರ್ಥ.

ಆ ದಿನ ಬೆಳಿಗ್ಗೆಯೂ ಟೈಲರ್ ಬಟ್ಟೆ ಹಿಡಿದುಕೊಂಡೇ ಬಂದ.

"ಮೇಸ್ತ್ರಿ, ಇದು ಡಾಕ್ಟರ್‌ಗಳು ಹಾಕೋ ಕೋಟು. ಬಿಳಿ ಬಟ್ಟೆ ತಂದಿದ್ದೆ. ನಿಮ್ಮ ದಯೆಯಿಂದ ಬಿಸ್ಕತ್ತಿನ ಬಣ್ಣ ಬಂದಿದೆ. ಗಿರಾಕಿಗೆ ಏನು ಹೇಳ್ಲಿ?"

"ಬಣ್ಣಕ್ಕೆ ಬೇರೆ ಚಾರ್ಜ್ ಇಲ್ಲ ಅಂತ ಹೇಳಿ," ಎಂದ ಮೇಸ್ತ್ರಿ. ಹೇಳಿ ನಗಲು ಹೋದ. ನಗು ಅರ್ಧಕ್ಕೇ ಕೆಮ್ಮಾಯಿತು. ಕೆಮ್ಮು ನಿಲ್ಲುವ ಹೊತ್ತಿಗೆ ಅವನು ಮೇಜಿನ ಅಂಚು ಹಿಡಿದು ಬಗ್ಗಿದ್ದ, ಕಣ್ಣಲ್ಲಿ ನೀರಾಡುತ್ತಿತ್ತು.

ಟೈಲರ್ ಜಗಳ ಮರೆತ. "ಬಟ್ಟೆ ಒಗೆದ್ರೆ ಹೋಗುತ್ತೆ ಮಾರಾಯ್ರೆ. ಒಳಗೆ ಹೋಗಿದ್ದನ್ನ ಹೇಗೆ ಒಗೀತೀರಿ?"

"ಒಳಗೆ ಎಲ್ಲಿ ಹೋಗುತ್ತೆ? ನಾನು ದಮ್ಮು ಕಟ್ಟಿ ಕೆಲಸ ಮಾಡೋನು."

ಅದು ಸುಳ್ಳಲ್ಲ. ಬೀದಿಯವರು ಅವನಿಗೆ ದಮ್ಮಿನ ಮೇಸ್ತ್ರಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವನ ಕೆಲಸ ಊರುಗೋಲುಗಳಿಗೆ ಹಿಡಿ ಮಾಡುವುದು. ಗಿರಾಕಿ ಬಂದರೆ ಮೊದಲು ಅವರ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟು ಒತ್ತಿ ನೋಡುತ್ತಿದ್ದ. ಯಾವ ಬೆರಳು ಮಡಚುವುದಿಲ್ಲ, ಯಾವ ಕಡೆ ಗಂಟು ನೋಯುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂಬುದನ್ನೆಲ್ಲ ಕೇಳುತ್ತಿದ್ದ. ಆಮೇಲೆ ಬೆಲ್ಟ್ ಸ್ಯಾಂಡರ್ ಹತ್ತಿರ ಹೋಗುತ್ತಿದ್ದ. ಎರಡು ಉರುಳೆಗಳ ಮೇಲೆ ಮರಳು ಕಾಗದದ ಪಟ್ಟಿ ಗಿರ್ರೆಂದು ಓಡುವ ಯಂತ್ರ ಅದು. ಬೇರೆ ಬಡಗಿಗಳು ಯಂತ್ರವನ್ನು ಹಲಗೆಯ ಮೇಲೆ ಓಡಿಸುತ್ತಾರೆ. ಇವನು ಯಂತ್ರವನ್ನು ಅದರ ಸ್ಟ್ಯಾಂಡಿನಲ್ಲಿ ಅಂಗಾತ ಕೂರಿಸಿ, ಮರದ ತುಂಡನ್ನೇ ಎರಡೂ ಕೈಯಲ್ಲಿ ಹಿಡಿದು ಓಡುವ ಪಟ್ಟಿಗೆ ಒಡ್ಡುತ್ತಿದ್ದ. ಅಳತೆ ಇಲ್ಲ, ಅಚ್ಚು ಇಲ್ಲ. ಮರವನ್ನು ತಿರುಗಿಸುತ್ತ, ಬಳುಕಿಸುತ್ತ, ಪಟ್ಟಿಯ ಮೇಲೆ ಉರುಳಿಸುತ್ತ ಹೋದಂತೆ ಚೌಕ ತುಂಡು ಕೈಗೆ ಹೊಂದುವ ಹಿಡಿಯಾಗುತ್ತಿತ್ತು.

ಮರ ಪಟ್ಟಿಗೆ ತಾಗಿದ ಕ್ಷಣದಿಂದ ತೆಗೆಯುವವರೆಗೆ ಅವನು ಉಸಿರಾಡುತ್ತಿರಲಿಲ್ಲ. ಉಸಿರಾಡಿದರೆ ಎದೆ ಏಳುತ್ತದೆ, ಎದೆ ಎದ್ದರೆ ಮೊಣಕೈ ಕದಲುತ್ತದೆ, ಕದಲಿದ ಕಡೆ ಮರದ ಮೇಲೆ ಒಂದು ಚಪ್ಪಟೆ ಗುರುತು ಬೀಳುತ್ತದೆ. ಕಸುಬು ಕಲಿಸಿದ ಸೋದರಮಾವ ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು: ಮರ ಉಜ್ಜುವ ಮುಂಚೆ ದಮ್ಮು ಕಟ್ಟು, ಕೈ ತೆಗೆದ ಮೇಲೆ ಬಿಡು. ಮೇಸ್ತ್ರಿ ಒಂದು ಕಾಲದಲ್ಲಿ ನಲವತ್ತು ಎಣಿಸುವವರೆಗೆ ಕಟ್ಟುತ್ತಿದ್ದ. ಬೀದಿಯವರು ನಿಂತು ಎಣಿಸುತ್ತಿದ್ದರು.

ಈಗ ಇಪ್ಪತ್ತಕ್ಕೆ ಎದೆ ಬಿಗಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆದರೆ ಮರ ಹೇಳಿತು.

ಅದೇ ವಾರ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಊರುಗೋಲು ವಾಪಸು ತಂದರು. ಅವರಿಗೆ ದೂರುವ ಸ್ವಭಾವವಿಲ್ಲ. ಅದಕ್ಕೇ ಸಂಕೋಚದಿಂದ ಹೇಳಿದರು: "ಮೇಸ್ತ್ರಿ, ಹೆಬ್ಬೆರಳ ಬುಡದಲ್ಲಿ ಏನೋ ಒತ್ತುತ್ತೆ. ನನ್ನ ಕೈಯೇ ಸರಿ ಇಲ್ವೋ ಏನೋ."

ಮೇಸ್ತ್ರಿ ಹಿಡಿಯ ಮೇಲೆ ಬೆರಳಾಡಿಸಿದ. ಅಲ್ಲಿತ್ತು, ಉಗುರಿನಷ್ಟಗಲದ ಚಪ್ಪಟೆ. ಅಲ್ಲಿ ಉಸಿರು ಸಾಲದೆ ಅವನು ಮರವನ್ನು ಬೇಗ ತೆಗೆದಿದ್ದ.

"ನಿಮ್ಮ ಕೈ ಸರಿಯಾಗಿದೆ ಯಜಮಾನರೇ," ಎಂದ. ಆ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದ.

ಮನೆಯಲ್ಲಿ ಹೆಂಡತಿಗೆ ಹೇಳದಿದ್ದರೂ ಗೊತ್ತಾಗಿತ್ತು. ಅವಳು ಶಾಲೆಯೊಂದರ ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವವಳು. ಯಾರು ಯಾವ ದಿನ ಬಂದರು, ಯಾವ ದಿನ ಬರಲಿಲ್ಲ ಎಂದು ಗುರುತು ಹಾಕುವುದು ಅವಳಿಗೆ ಅಭ್ಯಾಸ. ಗಂಡನ ಕೆಮ್ಮಿಗೂ ಮನಸ್ಸಿನಲ್ಲೇ ಹಾಜರಿ ಹಾಕುತ್ತಿದ್ದಳು.

"ರೀ, ನಿಮ್ಮ ಕೆಮ್ಮಿಗೂ ವಾರದ ರಜೆ ಇದೆ, ಗೊತ್ತಾ?"

"ಏನು ಹಾಗಂದ್ರೆ?"

"ಅಂಗಡಿ ತೆಗೆದ ದಿನ ಸಂಜೆ ಕೆಮ್ತೀರಿ. ಮೆಟ್ಟಿಲು ಹತ್ತೋವಾಗ ಸಿಳ್ಳೆ ಹೊಡೆದ ಹಾಗೆ ಎದೆ ಕೂಗುತ್ತೆ. ಅಂಗಡಿ ಮುಚ್ಚಿದ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮಾಯ. ಹೋದ ತಿಂಗಳು ಮದುವೆಗೆ ಅಂತ ನಾಲ್ಕು ದಿನ ಹೊರಗಿದ್ರಿ, ಒಂದು ಸಲನೂ ಕೆಮ್ಮಲಿಲ್ಲ."

"ಶೀತ ಕಣೇ. ಹವಾ ಬದಲಾದ್ರೆ ಹೋಗುತ್ತೆ."

"ಅದೇ ನಾನೂ ಹೇಳ್ತಿರೋದು. ನಿಮ್ಮ ಅಂಗಡಿ ಹವಾ ಬದಲಾದ್ರೆ ಹೋಗುತ್ತೆ."

ಮೇಸ್ತ್ರಿ ಅಂಗಿ ಬಿಚ್ಚಿ ಬಾಗಿಲ ಬಳಿ ಜಾಡಿಸಿದ. ಅಂಗಡಿಯ ಧೂಳೆಲ್ಲ ಮನೆಯೊಳಗೆ ಹಾರಿತು. ಹೆಂಡತಿ ಸೀನಿದಳು. ಸೀನುತ್ತಲೇ ಹೋಗಿ ತಂಗಿಗೆ ಫೋನ್ ಹಚ್ಚಿದಳು.

ಅವಳ ತಂಗಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಎದೆರೋಗದ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದಳು. ಭಾವನಿಗೂ ನಾದಿನಿಗೂ ಮಾತಿನಲ್ಲಿ ಒಬ್ಬರಿಗೊಬ್ಬರು ಸೋತು ಗೊತ್ತಿಲ್ಲ. ತನಗೆ ರಜೆಯಿದ್ದ ದಿನ ಮಧ್ಯಾಹ್ನ ಅವಳು ಅಕ್ಕನ ಮನೆಗೆ ಹೋಗದೆ ನೇರವಾಗಿ ಅಂಗಡಿಗೇ ಬಂದಳು.

"ಬನ್ನಿ ಸಿಸ್ಟರ್, ಬನ್ನಿ. ಸೂಜಿ ತಂದಿದ್ದೀರಾ?"

"ನಿಮ್ಮ ಚರ್ಮಕ್ಕೆ ಸೂಜಿ ಸಾಲಲ್ಲ ಭಾವ, ಡ್ರಿಲ್ ಬೇಕು. ಅದು ಹೇಗೂ ನಿಮ್ಮ ಹತ್ರಾನೇ ಇದೆ." ಅವಳು ಸ್ಟೂಲಿನ ಮೇಲೆ ಬೆರಳೆಳೆದಳು. ಬೆರಳು ಹೋದಲ್ಲೆಲ್ಲ ಗೆರೆ ಬಿತ್ತು. ಒದ್ದೆ ಬಟ್ಟೆ ಕೇಳಿ ಒರೆಸಿ ಕೂತಳು. "ನೀವು ಕೆಲಸ ಮಾಡಿ. ನಾನು ಸುಮ್ಮನೆ ನೋಡ್ತೀನಿ."

"ನೋಡು. ಟಿಕೆಟ್ ಇಲ್ಲ."

ಅವಳು ಚೀಲದಿಂದ ಮಾಸ್ಕ್ ತೆಗೆದು ಹಾಕಿಕೊಂಡಳು. ಮೇಸ್ತ್ರಿ ನಕ್ಕ. ಅವನೂ ಟವೆಲನ್ನು ಮೂಗಿಗೆ ಸುತ್ತಿಕೊಂಡಿದ್ದ, ಸೆಕೆಯೆಂದು ಅದನ್ನು ಗದ್ದಕ್ಕೆ ಇಳಿಸಿಕೊಂಡ. ಯಂತ್ರ ಹಚ್ಚಿದ. ಎದೆ ತುಂಬ ಗಾಳಿ ಎಳೆದು, ಬಿಗಿಹಿಡಿದು, ಮರವನ್ನು ಪಟ್ಟಿಗೆ ತಾಗಿಸಿದ. ತುಂಡು ತಿರುಗಿತು, ಬಳುಕಿತು. ನಯವಾದ ಧೂಳು ಎರಡೂ ಕಡೆಗೆ ಚಿಮ್ಮಿತು. ಮರ ತೆಗೆದು ಮುಖದ ಮುಂದೆ ಹಿಡಿದು "ಉಫ್" ಎಂದು ಊದಿದ, ಉದ್ದಕ್ಕೆ ಉಸಿರೆಳೆದ, ಬೆರಳಾಡಿಸಿ ನೋಡಿದ. ಮತ್ತೆ ದಮ್ಮು ಕಟ್ಟಿದ.

ಮೂರು ಸಲ ಹೀಗಾದ ಮೇಲೆ ನಾದಿನಿ ಕೈಯೆತ್ತಿ ಯಂತ್ರ ನಿಲ್ಲಿಸಲು ಹೇಳಿದಳು.

"ಹದಿನೆಂಟು."

"ಏನು ಹದಿನೆಂಟು?"

"ಹದಿನೆಂಟು ಸೆಕೆಂಡ್ ಉಸಿರು ಹಿಡೀತೀರಿ. ಫೋನಲ್ಲಿ ನೋಡಿದೆ. ಆಮೇಲೆ ಏನು ಮಾಡ್ತೀರಿ ಅಂತ ಗೊತ್ತಾ?"

"ಏನು ಮಾಡ್ತೀನಿ? ಮರ ತೆಗೀತೀನಿ."

"ಮರ ತೆಗೀತೀರಿ. ಮುಖದ ಹತ್ರ ತಂದು ಊದ್ತೀರಿ. ಅದರ ಮೇಲಿದ್ದ ಧೂಳೆಲ್ಲ ನಿಮ್ಮ ಮುಖಕ್ಕೇ ಏಳುತ್ತೆ. ಆಗ ಬಾಯಿ ತೆಗೆದು ಇಷ್ಟುದ್ದ ಉಸಿರು ಒಳಗೆ ಎಳೀತೀರಿ. ಹದಿನೆಂಟು ಸೆಕೆಂಡ್ ಎಳೀದೇ ಇದ್ದಿದ್ದನ್ನೂ ಸೇರಿಸಿ ಎಳೀತೀರಿ. ಭಾವ, ಕಳ್ಳರು ಬೀದಿ ತುದೀಲಿದ್ದಾಗ ಬಾಗಿಲು ಹಾಕ್ಕೊಂಡು, ಅವರೆಲ್ಲ ಹೊಸ್ತಿಲ ಹತ್ರ ಜಮಾಯಿಸಿದ ಮೇಲೆ ಬಾಗಿಲು ಪೂರ್ತಿ ತೆಗೆದ ಹಾಗಾಯ್ತು."

ಮೇಸ್ತ್ರಿ ಕೈಯಲ್ಲಿದ್ದ ತುಂಡನ್ನು ನೋಡಿದ. ಮೂವತ್ತು ವರ್ಷದಲ್ಲಿ ಈ ಮಾತು ಯಾರೂ ಹೇಳಿರಲಿಲ್ಲ.

"ನಮ್ಮ ಮಾವ ಹೀಗೇ ಮಾಡ್ತಿದ್ರು. ಎಪ್ಪತ್ತೆಂಟು ವರ್ಷ ಬದುಕಿದ್ರು."

"ಅವರು ಈ ಮೆಷಿನ್ ಇಟ್ಕೊಂಡಿದ್ರಾ?"

ಮಾವನ ಹತ್ತಿರ ಇದ್ದುದು ಅರ. ಹಲ್ಲುಗಳಿರುವ ಉಕ್ಕಿನ ಪಟ್ಟಿ, ಕೈಯಲ್ಲೇ ಉಜ್ಜುವುದು. ಅದರಿಂದ ಬೀಳುತ್ತಿದ್ದುದು ರವೆಯಂಥ ಪುಡಿ, ನೇರ ಪಾದದ ಮೇಲೆ ಬೀಳುತ್ತಿತ್ತು. ಮಾವ ಸತ್ತ ಮೇಲೆ ಅಂಗಡಿಗೆ ಯಂತ್ರ ಬಂತು. ಅರ ಹೋಯಿತು, ಅರದ ಕಾಲದ ಪಾಠ ಮಾತ್ರ ಉಳಿಯಿತು.

"ಆದ್ರೂ ನನಗೆ ದಮ್ಮು ಇದೆ ಕಣೇ. ಬೀದೀಲಿ ಯಾರನ್ನಾದ್ರೂ ಕೇಳು."

"ಇದೆ ಭಾವ. ಇದೆ ಅಂತಾನೇ ನನಗೂ ಅನುಮಾನ."

ದಮ್ಮು ಎಂದರೆ ಉಸಿರಿನ ಬಲ. ಉಬ್ಬಸಕ್ಕೂ ಜನ ದಮ್ಮು ಎಂದೇ ಹೇಳುತ್ತಾರೆ. ಅವಳು ಯಾವುದನ್ನು ಹೇಳಿದಳು ಎಂಬುದು ಮೇಸ್ತ್ರಿಗೆ ತಕ್ಷಣ ತಿಳಿಯಿತು. ಅವನ ಮುಖದ ನಗು ಇಳಿಯಿತು.

"ಷಟರ್ ಎಳೀರಿ," ಎಂದಳು ನಾದಿನಿ.

ಷಟರ್ ಇಳಿದು ಅಂಗಡಿ ಕತ್ತಲಾಯಿತು. ಅವಳು ಫೋನಿನ ಟಾರ್ಚ್ ಹಚ್ಚಿ ಬೆಳಕನ್ನು ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಬಿಟ್ಟಳು. ಮೇಸ್ತ್ರಿಗೆ ಮೊದಲು ಅದು ಹೊಗೆಯಂತೆ ಕಂಡಿತು. ಯಾವುದೋ ವೈರ್ ಸುಟ್ಟಿರಬೇಕೆಂದು ಮೂಸಿ ನೋಡಿದ. ಆಮೇಲೆ ಅದರಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಾಣಿಸಿದವು. ಸಾವಿರ ಅಲ್ಲ, ಲಕ್ಷ ಅಲ್ಲ, ಲೆಕ್ಕವೇ ಇಲ್ಲ. ಕೆಳಗೆ ಬೀಳದೆ ನಿಧಾನವಾಗಿ ಸುತ್ತುತ್ತಿದ್ದವು. ಅವನ ಮೂಗಿನ ಹತ್ತಿರ ಬಂದವು ಒಳಗೆ ಹೋಗುತ್ತಿದ್ದವು. ಹೋಗುವುದು ಕಾಣುತ್ತಿತ್ತು.

"ಮೆಷಿನ್ ನಿಲ್ಲಿಸಿ ಹತ್ತು ನಿಮಿಷ ಆಯ್ತಲ್ಲೇ!"

"ಗಂಟೆಗಟ್ಟಲೆ ಹೀಗೇ ಇರುತ್ತೆ. ಟಾರ್ಚ್ ಇಲ್ಲದೇನೂ ಕಣ್ಣಿಗೆ ಕಾಣೋ ಪುಡಿ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತೆ, ಸೀನಿದ್ರೆ ಹೋಗುತ್ತೆ. ತಲೆಗೂದಲಿನ ದಪ್ಪದಲ್ಲಿ ಏಳನೇ ಒಂದು ಭಾಗಕ್ಕಿಂತ ಚಿಕ್ಕದಿರುತ್ತಲ್ಲ, ಅದು ಎದೆಯ ತಳದ ತನಕ ಇಳಿಯುತ್ತೆ. ನಿಮ್ಮ ನಯವಾದ ಪಟ್ಟಿ ಮಾಡೋದು ಅದನ್ನೇ." ಅವಳು ಅವನ ಕತ್ತಿನಿಂದ ಟವೆಲ್ ತೆಗೆದು ಟಾರ್ಚಿಗೆ ಹಿಡಿದಳು. ಎಳೆ ಎಳೆಯ ನಡುವೆ ಬೆಳಕು ತೂರಿತು. "ಈ ಕಿಂಡಿಗಳು ಆ ಧೂಳಿಗೆ ಹೆದ್ದಾರಿ ಇದ್ದ ಹಾಗೆ. ಟವೆಲ್ ಬೆವರಿಗೆ ಸರಿ, ಇದಕ್ಕಲ್ಲ."

ಮೇಸ್ತ್ರಿ ಟವೆಲ್ ವಾಪಸು ತೆಗೆದುಕೊಂಡು ಮಡಚಿದ. "ಏನು ಮಾಡು ಅಂತೀಯ ಈಗ?"

"ನಾಳೆ ನಮ್ಮ ಡಾಕ್ಟರ್‌ಗೆ ತೋರಿಸೋಣ."

"ಅದೊಂದು ಬೇಡ."

"ಯಾಕೆ?"

ಅವನು ಸ್ಟೂಲಿನ ಮೇಲೆ ಕೂತ. ಕಾರಣವನ್ನು ಹೆಂಡತಿಗೂ ಹೇಳಿರಲಿಲ್ಲ. "ಕಿಟಕಿ ಮೇಸ್ತ್ರಿ ಗೊತ್ತಲ್ಲ? ಕಿಟಕಿ ಚೌಕಟ್ಟು ಮಾಡ್ತಿದ್ದೋನು. ಹೀಗೇ ಕೆಮ್ತಿದ್ದ. ಡಾಕ್ಟರ್ ಹತ್ರ ಹೋದ. ಕೆಲಸ ಬಿಡು ಅಂದ್ರು. ಈಗ ವಾಹನ ನಿಲ್ಲಿಸೋ ಜಾಗದಲ್ಲಿ ಚೀಟಿ ಹರೀತಾನೆ. ಅವನಂಥ ಕೈ ಈ ಊರಲ್ಲಿ ಇರ್ಲಿಲ್ಲ. ನನಗೆ ಬೇರೆ ಏನೂ ಬರಲ್ಲ ಕಣೇ. ಇದನ್ನ ಬಿಡು ಅಂದ್ರೆ ನಾನು ಏನು ಮಾಡ್ಲಿ?"

ನಾದಿನಿ ಈ ಸಲ ತಮಾಷೆ ಮಾಡಲಿಲ್ಲ. "ಅವರ ಫೈಲ್ ನಾನೇ ಬರೆದಿದ್ದು ಭಾವ. ಬೇರೆಯವರ ಕಾಯಿಲೆ ವಿಷಯ ಹೇಳಬಾರದು. ಆದ್ರೆ ಅವರು ಬೀದಿ ಬೀದೀಲಿ ತಾವೇ ಹೇಳ್ಕೊಂಡು ಓಡಾಡ್ತಾರೆ, ನೀವೂ ಕೇಳಿರ್ತೀರಿ. ಎಷ್ಟು ವರ್ಷ ಕೆಮ್ಮಿದ ಮೇಲೆ ಬಂದ್ರು?"

"ಒಂಬತ್ತು ವರ್ಷ ಅಂತಾನೆ."

"ನಿಮ್ಮದು?"

"ಎಂಟು ತಿಂಗಳಾಯ್ತೇನೋ."

"ನೀವು ಲೆಕ್ಕ ತಪ್ಪಾಗಿ ಹಾಕಿದ್ದೀರಿ. ಡಾಕ್ಟರ್ ಹತ್ರ ಹೋಗಿದ್ದಕ್ಕೆ ಕೆಲಸ ಹೋಯ್ತು ಅಂತ ತಿಳ್ಕೊಂಡಿದ್ದೀರಿ. ಒಂಬತ್ತು ವರ್ಷ ಹೋಗದೇ ಇದ್ದಿದ್ದಕ್ಕೆ ಹೋಯ್ತು."

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕೈಗೆ ಒಂದು ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದರು. "ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ!" ನಲವತ್ತು ಎಣಿಸುವವರೆಗೆ ದಮ್ಮು ಕಟ್ಟುತ್ತಿದ್ದ ಮನುಷ್ಯ ನಾಲ್ಕು ಎಣಿಸುವಷ್ಟರಲ್ಲಿ ಕೆಮ್ಮಿ ಕುಸಿದ. ಬಾಯಿಗಿಟ್ಟು ಉಸಿರಿನೊಂದಿಗೆ ಎಳೆಯುವ ಔಷಧಿಯ ಪಂಪ್ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದರು. ಈ ಸಲ ಚೆನ್ನಾಗಿ ಬಂತು. ಡಾಕ್ಟರಮ್ಮ ತಲೆಯಾಡಿಸಿದರು. ಎದೆಯ ಎಕ್ಸ್-ರೇ ತೆಗೆಸಿದರು, ಕಫದ ಪರೀಕ್ಷೆಗೆ ಕಳಿಸಿದರು, ಮೂಗಿನೊಳಗೆ ಬೆಳಕು ಬಿಟ್ಟು ನೋಡಿಸಿದರು. ಕೊನೆಗೆ ಒಂದು ಚಿಕ್ಕ ಪ್ಲಾಸ್ಟಿಕ್ ಮೀಟರ್ ಕೊಟ್ಟರು. ಊದಿದರೆ ಅದರ ಮುಳ್ಳು ಮೇಲೆ ಸರಿಯುತ್ತದೆ.

"ದಿನಕ್ಕೆ ನಾಲ್ಕು ಸಲ ಊದಿ ಬರೆದಿಡಿ. ಎರಡು ವಾರ ಎಂದಿನ ಹಾಗೆ ಕೆಲಸ ಮಾಡಿ, ಒಂದು ವಾರ ಪೂರ್ತಿ ರಜೆ. ಆಮೇಲೆ ಬನ್ನಿ."

ಹಾಜರಿ ಹಾಕುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದಳು. ಕೆಲಸದ ದಿನ ಬೆಳಿಗ್ಗೆ ಮುನ್ನೂರ ಅರವತ್ತು, ಸಂಜೆ ಮುನ್ನೂರು. ಮತ್ತೊಂದು ಸಂಜೆ ಇನ್ನೂರ ತೊಂಬತ್ತು. ರಜೆಯ ವಾರದ ಮೂರನೇ ದಿನ ಮುಳ್ಳು ನಾನೂರು ದಾಟಿತು, ಆರನೇ ದಿನ ನಾನೂರ ಮೂವತ್ತರಲ್ಲಿ ನಿಂತಿತು. ಹೆಂಡತಿ ಕ್ಯಾಲೆಂಡರನ್ನು ಅವನ ಮುಂದೆ ಇಟ್ಟಳು. ಅವನು ಎರಡು ಸಲ ಓದಿದ.

ಆಸ್ಪತ್ರೆಯಲ್ಲಿ ಆ ಸಂಖ್ಯೆಗಳನ್ನು ನೋಡಿ ಡಾಕ್ಟರಮ್ಮ ಒಂದೊಂದಾಗಿ ಹೇಳಿದರು. "ಕ್ಷಯ ಇಲ್ಲ. ಎಕ್ಸ್-ರೇ ಚೆನ್ನಾಗಿದೆ. ಮೂಗಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಅದನ್ನ ಯಾಕೆ ನೋಡಿಸಿದೆ ಅಂದ್ರೆ, ಮರದ ಧೂಳು ಬಹಳ ವರ್ಷ ಹೋದ್ರೆ ಮೂಗಿನಲ್ಲಿ ಕ್ಯಾನ್ಸರ್ ಬರಬಹುದು. ಅಪರೂಪ, ಆದ್ರೆ ಖಚಿತವಾಗಿ ಗೊತ್ತಿರೋ ವಿಷಯ. ನಿಮಗಿರೋದು ಕೆಲಸದ ಧೂಳಿನಿಂದ ಬಂದ ಆಸ್ತಮಾ. ಬೇಗ ಬಂದಿದ್ದೀರಿ."

ಮೇಸ್ತ್ರಿಯ ನಾಲಿಗೆಯ ತುದಿಯಲ್ಲಿ ಇದ್ದುದು ಒಂದೇ ಪ್ರಶ್ನೆ. "ಕೆಲಸ ಬಿಡ್ಬೇಕಾ ಮೇಡಂ?"

"ಇವತ್ತೇ ಹೇಳೋಕಾಗಲ್ಲ. ಕೆಲವರು ಬಿಡಲೇಬೇಕಾಗುತ್ತೆ, ಸುಳ್ಳು ಭರವಸೆ ಕೊಡಲ್ಲ. ಮೊದಲು ಧೂಳು ಬಿಡಿ. ಈಗ ಬರೆದುಕೊಡೋ ಪಂಪನ್ನ ಕೆಮ್ಮು ಇದ್ರೂ ಇಲ್ಲದಿದ್ರೂ ದಿನಾ ತಗೊಳ್ಳಿ. ಎರಡು ತಿಂಗಳು ಮೀಟರ್ ಮುಳ್ಳು ಮೇಲೇ ನಿಂತ್ರೆ ಕೆಲಸ ಮುಂದುವರಿಸಿ. ಇಳಿದ್ರೆ ಬೇರೆ ಮಾತಾಡೋಣ."

ಅಂಗಡಿಯ ರೂಪ ಬದಲಾಯಿತು. ಹೊಸ ಡ್ರಿಲ್‌ಗೆಂದು ಮೇಸ್ತ್ರಿ ಕೂಡಿಟ್ಟಿದ್ದ ಹಣದಲ್ಲಿ, ಅತಿ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್ ಇರುವ ವರ್ಕ್‌ಷಾಪ್ ವ್ಯಾಕ್ಯೂಮ್ ತಂದ. ಬೆಲ್ಟ್ ಮೆಷಿನ್‌ನ ಹಿಂದೆ ಬಟ್ಟೆಯ ಚೀಲ ಕಟ್ಟುವ ಒಂದು ಬಾಯಿ ಇರುತ್ತದೆ. ಮೇಸ್ತ್ರಿ ಆ ಚೀಲವನ್ನು ಎಂದೋ ಎಸೆದಿದ್ದ. ಈಗ ಆ ಬಾಯಿಗೆ ವ್ಯಾಕ್ಯೂಮಿನ ಪೈಪ್ ಬಿಗಿದ. ಧೂಳು ಹುಟ್ಟಿದಲ್ಲೇ ಬಹುಪಾಲು ಪೈಪಿಗೆ ಹೋಯಿತು. ಮುಖಕ್ಕೆ ಗಾಳಿ ಬಿಡುತ್ತಿದ್ದ ಟೇಬಲ್ ಫ್ಯಾನ್ ಮೂಲೆ ಸೇರಿತು, ಗೋಡೆಯಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನ್ ಬಂತು. ಪೊರಕೆಯ ಬದಲು ಒದ್ದೆ ಬಟ್ಟೆ.

ಮಾಸ್ಕ್ ಮಾತ್ರ ಜಗಳ ತಂದಿತು. ನಾದಿನಿ ಎರಡೂ ಪಟ್ಟಿ ತಲೆಯ ಹಿಂದೆ ಹಾಕಿಸಿ, ಮೂಗಿನ ಮೇಲಿನ ಕ್ಲಿಪ್ ಒತ್ತಿ, "ಉಸಿರು ಬಿಡಿ, ಅಂಚಲ್ಲಿ ಗಾಳಿ ಬರ್ತಿದೆಯಾ?" ಎಂದು ಕೇಳಿದಳು.

"ಗಡ್ಡದಲ್ಲಿ ತಂಗಾಳಿ ಬೀಸ್ತಿದೆ."

"ಹಾಗಾದ್ರೆ ಗಡ್ಡ ಹೋಗ್ಬೇಕು. ಮೀಸೆ ಮಾಸ್ಕ್ ಒಳಗೇ ಉಳಿಯೋದಾದ್ರೆ ಇರ್ಲಿ."

"ಇಪ್ಪತ್ತು ವರ್ಷದ ಗಡ್ಡ ಕಣೇ ಇದು!"

"ಹೋಗ್ಲಿ ಬಿಡ್ರಿ," ಎಂದಳು ಹೆಂಡತಿ. "ನಿಮ್ಮ ಗದ್ದ ಹೇಗಿತ್ತು ಅಂತ ನನಗೂ ಮರೆತೇಹೋಗಿದೆ."

ಗಡ್ಡ ಹೋಯಿತು. ಅದಕ್ಕಿಂತ ಕಷ್ಟದ ಕೆಲಸ ಉಸಿರಾಡುವುದಾಗಿತ್ತು. ಮಾಸ್ಕ್ ಹಾಕಿದ ಮೇಲೆ ದಮ್ಮು ಕಟ್ಟುವ ಅಗತ್ಯವಿಲ್ಲ, ಕಟ್ಟಿದರೆ ಎದೆ ಬಿಗಿಯುತ್ತದೆ. ಆದರೆ ಉಸಿರಾಡಿದರೆ ಕೈ ಕದಲುತ್ತದೆ. ಮೊದಲ ವಾರ ಮೂರು ಹಿಡಿ ಕೆಟ್ಟವು. ನಾಲ್ಕನೆಯದನ್ನು ಮೂಲೆಗೆ ಎಸೆದು ಅವನು ಹೊರಗೆ ಬಂದು ಕೂತ. ಡಾಕ್ಟರ್ ಬೇಡವೆನ್ನದಿದ್ದರೂ ಕೈಯೇ ಬೇಡವೆಂದರೆ ಏನು ಗತಿ?

ಟೈಲರ್ ಕಾಜಾ ಹೊಲಿಯುತ್ತಲೇ ಕೇಳಿದ. "ಏನಾಯ್ತು ಮೇಸ್ತ್ರಿ? ಗಡ್ಡದ ನೆನಪಾ?"

ಮೇಸ್ತ್ರಿ ವಿಷಯ ಹೇಳಿದ. ಟೈಲರ್ ನಕ್ಕುಬಿಟ್ಟ. "ನಾನು ಒಂದು ಪರದೆ ಅಂಚು ಹೊಲಿಯೋವಾಗ ಉಸಿರು ಹಿಡಿದ್ರೆ ಅಲ್ಲೇ ಸತ್ತುಹೋಗ್ತೀನಿ. ಬಟ್ಟೆ ಬಿಡ್ತಾ ಬಿಡ್ತಾ ಉಸಿರನ್ನೂ ನಿಧಾನಕ್ಕೆ ಬಿಡ್ತೀನಿ. ಉಸಿರು ಮುಗೀತಾ, ಬಟ್ಟೆ ನಿಲ್ಲಿಸ್ತೀನಿ, ಎಳ್ಕೊಳ್ತೀನಿ, ಮತ್ತೆ ಬಿಡ್ತೀನಿ. ಎಳೆಯೋವಾಗ ಕೈ ಕುಲುಕುತ್ತೆ, ಬಿಡೋವಾಗ ಕುಲುಕಲ್ಲ. ನೋಡಿ ಬೇಕಾದ್ರೆ."

ಮೇಸ್ತ್ರಿ ಎದ್ದು ಒಳಗೆ ಹೋದ. ಮಾಸ್ಕ್ ಹಾಕಿದ, ವ್ಯಾಕ್ಯೂಮ್ ಹಚ್ಚಿದ, ಯಂತ್ರ ಹಚ್ಚಿದ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡ. ಮರ ಪಟ್ಟಿಗೆ ತಾಗುತ್ತಿದ್ದಂತೆ ಉಸಿರನ್ನು ಸಣ್ಣಗೆ, ಎಳೆ ಎಳೆಯಾಗಿ ಬಿಡುತ್ತ ತುಂಡನ್ನು ತಿರುಗಿಸಿದ. ಉಸಿರು ಮುಗಿಯಿತು, ಮರ ತೆಗೆದ. ಊದಲು ತುಟಿ ತಾನಾಗಿಯೇ ಮುಂದೆ ಬಂತು, ಮಾಸ್ಕ್ ತಡೆಯಿತು. ಒದ್ದೆ ಬಟ್ಟೆಯಿಂದ ಒರೆಸಿ ಹೆಬ್ಬೆರಳು ಆಡಿಸಿದ. ಹೆಬ್ಬೆರಳು ಎಲ್ಲಿಯೂ ತಡೆಯದೆ ಜಾರಿತು. ಮತ್ತೊಮ್ಮೆ ಆಡಿಸಿದ. ಅವತ್ತು ಅವನು ಮಾಡಿದ್ದು ಪೋಸ್ಟ್‌ಮ್ಯಾನರ ಹೊಸ ಹಿಡಿ. ಅವರು ಅದನ್ನು ಹಿಡಿದು ಬೀದಿಯ ತುದಿಯವರೆಗೆ ನಡೆದು, ತಿರುಗಿ ಬರುವುದನ್ನೇ ಮರೆತು ಮನೆಗೆ ಹೋದರು.

ಎರಡು ತಿಂಗಳು ಕಳೆಯಿತು. ಅಂಗಡಿಯಲ್ಲೇ ಬಟ್ಟೆ ಬದಲಿಸಿ, ಮುಖ ಕೈ ತೊಳೆದು ಮನೆಗೆ ಹೋಗುವುದು ರೂಢಿಯಾಯಿತು. ಕ್ಯಾಲೆಂಡರಿನ ಹಿಂಬದಿ ತುಂಬಿ ಇನ್ನೊಂದು ಹಾಳೆ ಹಿಡಿಯಿತು. ಸಂಜೆಯ ಸಂಖ್ಯೆ ಬೆಳಗಿನ ಸಂಖ್ಯೆಗೆ ಹತ್ತಿರ ಹತ್ತಿರ ಬಂತು. ಮಧ್ಯದಲ್ಲಿ ಒಂದು ದಿನ ಮಾತ್ರ ಮುಳ್ಳು ದಢಾರನೆ ಇಳಿದಿತ್ತು. ಆ ದಿನ ವ್ಯಾಕ್ಯೂಮಿನ ಫಿಲ್ಟರ್ ಕಟ್ಟಿಕೊಂಡಿದ್ದನ್ನು ಅವನು ಗಮನಿಸದೆ ಕೆಲಸ ಮಾಡಿದ್ದ. ಹೆಂಡತಿ ಆ ಸಂಖ್ಯೆಯನ್ನೂ ಅಳಿಸದೆ ಹಾಗೆಯೇ ಬಿಟ್ಟಳು.

ಪರೀಕ್ಷೆಯ ದಿನ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದರು. ಹೆಂಡತಿಯೂ ನಾದಿನಿಯೂ ಹೊರಗಿನ ಬೆಂಚಿನ ಹತ್ತಿರ ನಿಂತರು, ಕೂರಲಿಲ್ಲ. ಒಳಗಿನಿಂದ "ಊದಿ, ಊದಿ, ಊದಿ" ಎಂಬ ದನಿ ಕೇಳಿತು. ಮುಂಚಿನಂತೆ ಕೆಮ್ಮು ಕೇಳಲಿಲ್ಲ.

ಬಾಗಿಲು ತೆರೆಯಿತು. ಮೇಸ್ತ್ರಿ ಹೊರಗೆ ಬಂದು, ಬೋಳು ಗದ್ದ ಸವರಿಕೊಂಡು, ಇಬ್ಬರ ಮುಖವನ್ನೂ ನೋಡಿದ.

"ಏನಂದ್ರು?" ಎಂದಳು ಹೆಂಡತಿ.

"ಮಾಡು ಅಂದ್ರು."

"ಸರಿಯಾಗಿ ಹೇಳ್ರಿ."

"ಕೆಲಸ ಮಾಡು ಅಂದ್ರು. ಪಂಪ್ ಬಿಡಬೇಡ, ಪೈಪ್ ಬಿಡಬೇಡ, ಮೂರು ತಿಂಗಳಿಗೊಮ್ಮೆ ಬಾ. ಮಾಡು ಅಂದ್ರು ಕಣೇ."

ಹೆಂಡತಿ ಆಗ ಬೆಂಚಿನ ಮೇಲೆ ಕೂತಳು. ಅವನೂ ಪಕ್ಕದಲ್ಲಿ ಕೂತ. ಯಾರಿಗೂ ಅವಸರವಿರಲಿಲ್ಲ.

ಈ ಕಥೆ ಓದಿದವರಿಗೆ, ಕೇಳಿದವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಮರ ಉಜ್ಜುವ, ಕೊರೆಯುವ, ನಯ ಮಾಡುವ ಯಾರಾದರೂ ಇದ್ದರೆ ಈ ವಾರ ಅವರ ಕೆಮ್ಮನ್ನು ಎಣಿಸಿ. ಕೆಲಸದ ದಿನ ಹೆಚ್ಚು, ರಜೆಯ ದಿನ ಕಡಿಮೆ ಇದ್ದರೆ ಅದು ಶೀತವಲ್ಲದಿರಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಾಡುವ ಕೆಲಸ ಏನೆಂದು ಡಾಕ್ಟರಿಗೆ ಮೊದಲೇ ಹೇಳಿ. ಧೂಳನ್ನು ಹುಟ್ಟುವಲ್ಲೇ ಪೈಪಿಗೆ ಎಳೆಯಿರಿ, ಮಾಸ್ಕ್ ಅದರ ಮೇಲಿನ ಕಾವಲು ಮಾತ್ರ. ಬಾಯಿಂದ ಊದಬೇಡಿ, ಒಣ ಪೊರಕೆ ಹಿಡಿಯಬೇಡಿ, ಕೆಲಸದ ಬಟ್ಟೆಯನ್ನು ಮನೆಯೊಳಗೆ ಜಾಡಿಸಬೇಡಿ. ನಂಬಿಕೆ ಬರದಿದ್ದರೆ ನಾಳೆ ಕೆಲಸ ಮುಗಿದ ಮೇಲೆ ಷಟರ್ ಎಳೆದು ಒಂದು ಟಾರ್ಚ್ ಹಚ್ಚಿ ನೋಡಿ. ನೋಡಿದ ಮೇಲೆ ಒಂಬತ್ತು ವರ್ಷ ಕಾಯಬೇಡಿ. ಒಂದು ವಾರವೂ ಬೇಡ.